ಕಾಟಪ್ಪನ ಕಲ್ಲು

ಮಿಲಿಟರಿಯವರ ಗೇಟಿನಲ್ಲಿ ಮೊದಲು ಬುತ್ತಿ ಬಿಚ್ಚಬೇಕು. ಮುದ್ದೆಯೊಳಗೆ ಕಡ್ಡಿ ಚುಚ್ಚಿ ನೋಡುತ್ತಾರೆ. ಆಮೇಲೆ ಹೆಂಗಸರು ತಗಡಿನ ಶೆಡ್ಡಿಗೆ ಹೋಗಬೇಕು. ಸೆರಗು ಒದರಬೇಕು. ಕುಬುಸದೊಳಗಿನ ಎಲೆಅಡಿಕೆ ಚೀಲ ಈಚೆಗೆ ತೆಗೆಯಬೇಕು. ತುರುಬು ಬಿಚ್ಚಬೇಕು. ಪಹರೆಯ ಹೆಂಗಸು ಕೈಗೆ ರಬ್ಬರಿನ ಗವಸು ಹಾಕಿಕೊಂಡು ಮೈಮೇಲೆಲ್ಲ ತಡಕುತ್ತಿದ್ದಳು. ಮುಗಿದ ಮೇಲೆ ಆ ಗವಸನ್ನು ನಮ್ಮೆದುರೇ ಕಸದ ಡಬ್ಬಿಗೆ ಎಸೆಯುತ್ತಿದ್ದಳು.

ನಮ್ಮತ್ತೆ ಕೆಂಪಕ್ಕನ ತಲೆ ಮುಟ್ಟಿದಾಗ ಆ ಪಹರೆಯವಳ ಮುಖ ಸಿಂಡರಿಸುತ್ತಿತ್ತು. ಅಷ್ಟು ಎಣ್ಣೆ. ಕೂದಲಿಂದ ಹಣೆಗೆ, ಹಣೆಯಿಂದ ಕೆನ್ನೆಗೆ ಇಳಿಯುವಷ್ಟು ಹರಳೆಣ್ಣೆ.

"ಇಷ್ಟ್ಯಾಕೆ ಎಣ್ಣೆ?" ಅಂತ ಒಂದು ದಿನ ಕೇಳಿದಳು.

"ಬಿಸ್ಲು ಕಣವ್ವ. ನೆತ್ತಿ ಸುಡ್ತದೆ," ಅಂದಳು ನಮ್ಮತ್ತೆ.

ಅದು ಸುಳ್ಳು. ಕೂಲಿಯವರು ಪೂಜೆ ಸಾಮಾನು ಒಳಗೆ ತರುವಂತಿಲ್ಲ ಅಂತ ಮೊದಲ ದಿನವೇ ಹೇಳಿದ್ದರು. ಎಣ್ಣೆ ಇಲ್ಲ, ಕಾಯಿ ಇಲ್ಲ, ಅರಿಶಿನ ಇಲ್ಲ. ನಾವು ಕೂಲಿ ಮಾಡುತ್ತಿದ್ದ ಕೋಟೆಯೊಳಗಿನ ಈಶ್ವರನ ಗುಡಿಗೆ ಮಾತ್ರ ಸೋಮವಾರ ಸೋಮವಾರ ಪೂಜಾರಿ ಮರುಳಸಿದ್ದಯ್ಯನೋರು ಜೀಪಿನಲ್ಲಿ ಬರುತ್ತಿದ್ದರು, ತಟ್ಟೆ ತುಂಬ ಹೂವು ಹಣ್ಣು ಕಾಯಿ ಇಟ್ಟುಕೊಂಡು. ಅವರ ಕಾಯಿಗೆ ಯಾರೂ ಕಡ್ಡಿ ಚುಚ್ಚುತ್ತಿರಲಿಲ್ಲ. ಜವಾನರು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ನಮ್ಮತ್ತೆ ಬುತ್ತಿ ಮುಟ್ಟುತ್ತಿರಲಿಲ್ಲ. ಹೊರಕಡೆಗೆ ಹೋಗುವವಳ ಹಾಗೆ ಬಾರೆ ಪೊದೆಯ ಹಿಂದೆ ಹೋಗಿ, ಅಲ್ಲಿಂದ ಬಗ್ಗಿ ಬಗ್ಗಿ ನಡೆದು, ದಿಣ್ಣೆಯ ಆ ಕಡೆ ಇಳಿಯುತ್ತಿದ್ದಳು. ಅಲ್ಲಿ ನಮ್ಮ ಹಟ್ಟಿಯ ಸತ್ತವರ ಕಲ್ಲುಗಳಿದ್ದವು. ಒಂದರ ಮುಂದೆ ಕೂತು ಎರಡೂ ಅಂಗೈಯಿಂದ ತನ್ನ ತಲೆ ಒರೆಸಿಕೊಂಡು, ಆ ಎಣ್ಣೆಯನ್ನು ಕಲ್ಲಿಗೆ ಬಳಿಯುತ್ತಿದ್ದಳು. ಮತ್ತೆ ತಲೆ, ಮತ್ತೆ ಕಲ್ಲು. ಕೂದಲು ಒಣಗುವ ತನಕ.

ಅದು ನಮ್ಮ ಮಾವ ಕಾಟಪ್ಪನ ಕಲ್ಲು.

ನಾನು ಲಾವಣ್ಯ. ತವರು ಹೊಳವನಹಳ್ಳಿ ಕಡೆ. ಪಿಯುಸಿ ಮುಗಿಸಿದ ವರ್ಷವೇ ಬುಕ್ಕಾಪಟ್ಟಣದ ಹತ್ತಿರದ ಬಾರೇಹಟ್ಟಿಗೆ ಸೊಸೆಯಾಗಿ ಬಂದೆ. ಮಾವನನ್ನು ನಾನು ನೋಡಿಲ್ಲ. ನನ್ನ ಗಂಡ ಚಿಕ್ಕರಾಜುಗೂ ನೋಡಿದ ನೆನಪಿಲ್ಲ. ಅವನು ಜೋಲಿಯಲ್ಲಿದ್ದಾಗ ಅವರು ಸತ್ತರು.

ನಮ್ಮ ಹಟ್ಟಿಯ ಹಿಂದೆ ಕಾವಲು. ಕಾವಲು ಅಂದರೆ ಕುರಿ ದನ ಮೇಯುವ ಹುಲ್ಲುಗಾಡು. ತಲೆತಲಾಂತರದಿಂದ ನಮ್ಮೋರು ಅಲ್ಲೇ ಕುರಿ ಬಿಟ್ಟವರು. ಮಾವ ಹುಡುಗನಾಗಿದ್ದಾಗ ಮಿಲಿಟರಿಯವರು ಬಂದರು, ಗುಂಡು ಹೊಡೆದು ಕಲಿಯೋಕೆ ಜಾಗ ಬೇಕು ಅಂದರು, ತಗೊಂಡರು. ಆಗ ಬೇಲಿ ಇರಲಿಲ್ಲ. ಒಂದು ಕೆಂಪು ಬಾವುಟ ಇತ್ತು. ಬಾವುಟ ಏರಿಸಿದ ದಿನ ಹೋಗಬಾರದು. ಇಳಿಸಿದ ದಿನ ಹೋಗಬಹುದು. ಹಾಗಂತ ಅವರೇ ಹಟ್ಟಿಗೆ ಬಂದು ಹೇಳಿದ್ದರು.

ಮಾವ ಸತ್ತ ದಿನ ಬಾವುಟ ಇಳಿದಿತ್ತು.

ಸಿಡಿಯದ ಗುಂಡೊಂದು ಮಣ್ಣಿನಲ್ಲಿ ಹೂತಿತ್ತು. ಕುರಿ ತುಳಿಯಿತೋ, ಮಾವನ ದೊಣ್ಣೆ ತಗುಲಿತೋ, ಹೇಳೋಕೆ ಅಲ್ಲಿದ್ದ ಯಾರೂ ಉಳಿಯಲಿಲ್ಲ. ಸದ್ದು ಕೇಳಿ ನಮ್ಮತ್ತೆ ಓಡಿದಳು. ಸಿಕ್ಕಿದ್ದನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಬಂದರು. ಕುರಿದು ಯಾವುದು, ಗಂಡಂದು ಯಾವುದು ಅಂತ ಆರಿಸಿದ್ದು ಅವಳೇ. ಪೊಲೀಸರು ಬಂದು ಬರೆದುಕೊಂಡು ಹೋದರು. ಅತಿಕ್ರಮ ಪ್ರವೇಶ ಅಂತ ಬರೆದರು. ಅಂದರೆ ತಪ್ಪು ಸತ್ತವನದು.

ಹಟ್ಟಿಯ ಹಿರಿಯರು ದಿಣ್ಣೆಯ ಆ ಕಡೆ ಮಾವನಿಗೆ ಒಂದು ಕಲ್ಲು ನಿಲ್ಲಿಸಿದರು. ಅಲ್ಲಿ ಮೊದಲೇ ಕಲ್ಲುಗಳಿದ್ದವು. ತುರುಗಳ್ಳರ ಜೊತೆ ಹೊಡೆದಾಡಿ ಸತ್ತವರದು, ಚಿರತೆ ಬಾಯಿಂದ ಕುರಿ ಬಿಡಿಸೋಕೆ ಹೋಗಿ ಸತ್ತವರದು. ಕೆಲವಕ್ಕೆ ಕೆತ್ತನೆ ಇತ್ತು. ಬಿಲ್ಲು ಹಿಡಿದ ಆಳು, ಪಕ್ಕದಲ್ಲಿ ದನ, ಮೇಲೆ ಸೂರ್ಯ ಚಂದ್ರ. ಕೆಲವು ಬರೀ ಕಲ್ಲು. ಮಾವನದೂ ಬರೀ ಕಲ್ಲು. ಎದೆಯುದ್ದದ ಬೋಳು ಕಲ್ಲು. ಅದಾದ ಮೇಲೆ ಬೇಲಿ ಬಂತು, ಮುಳ್ಳುತಂತಿ ಬಂತು, ಗೇಟು ಬಂತು. ಕಲ್ಲುಗಳೆಲ್ಲ ಒಳಗೇ ಉಳಿದವು. ಆಗಿನಿಂದ ನಮ್ಮ ಕಡೆ ಕಾವಲು ಅಂದರೆ ಹುಲ್ಲಲ್ಲ, ಬಂದೂಕು ಹಿಡಿದವರು.

ಕೋಟೆಯೂ ಒಳಗೇ ಇತ್ತು. ಯಾವನೋ ಪಾಳೇಗಾರ ಕರಡಿಗುಡ್ಡದ ಮೇಲೆ ಕಟ್ಟಿಸಿದ್ದು. ಒಂದು ಕಡೆ ಗೋಡೆ ಬಿದ್ದುಹೋಗಿತ್ತು. ಸೇನೆಯ ಜಾಗದಲ್ಲಿರೋ ಹಳೇ ಕಟ್ಟಡ ಉಳಿಸಬೇಕು ಅಂತ ಮೇಲಿನಿಂದ ಆದೇಶ ಬಂತಂತೆ. ಕಂಟ್ರಾಕ್ಟು ಆಯಿತು. ಚಿರಂಜೀವಿ ಅನ್ನುವ ಮೇಸ್ತ್ರಿ ಹಟ್ಟಿಗೆ ಬಂದು ಕೂಲಿಗೆ ಹೆಂಗಸರು ಬೇಕು ಅಂದಾಗ, ಎಲ್ಲರಿಗಿಂತ ಮೊದಲು ಎದ್ದವಳು ನಮ್ಮತ್ತೆ.

"ನಿನ್ ಮಂಡಿ ಕೆಟ್ಟೈತೆ, ಗುಡ್ಡ ಹೆಂಗೆ ಹತ್ತೀಯ?" ಅಂದ ಚಿಕ್ಕರಾಜು.

"ತೆವ್ಕಂಡು ಹತ್ತೀನಿ."

ಹೊತ್ತು ಹುಟ್ಟುವ ಮುಂಚೆ ಗೇಟಿಗೆ ಹೋಗಬೇಕು. ಬಗ್ಗಿ ಪೊದೆ ಕೀಳಬೇಕು. ಬೇರು ಕಲ್ಲಿನ ಸಂದಿಗೆ ಇಳಿದಿದ್ದರೆ ಉಗುರಿಂದ ಬಿಡಿಸಬೇಕು. ಗುದ್ದಲಿ ಹಾಕಿದರೆ ಕೋಟೆಗೆ ಪೆಟ್ಟಾಗುತ್ತದೆ. ನಮ್ಮ ಬೆರಳಿಗಾದರೆ ಪರವಾಗಿಲ್ಲ. ಸುಣ್ಣ, ಬೆಲ್ಲ, ಅಳಲೇಕಾಯಿ ನೀರು ಹಾಕಿ ಹಳೇ ಕಾಲದ ಗಾರೆ ಅರೆಯುತ್ತಿದ್ದರು. ಅದನ್ನು ಬಾಂಡಲಿಯಲ್ಲಿ ಹೊತ್ತು ಗುಡ್ಡ ಹತ್ತಬೇಕು. ಗಾರೆ ನೀರು ಕತ್ತಿನ ಮೇಲೆ ಸೋರಿ, ಬೆವರು ಸೇರಿ, ಚರ್ಮ ಸುಲಿದು ಬರುತ್ತಿತ್ತು. ರಾತ್ರಿ ಬೆನ್ನಡಿ ಮಾಡಿ ಮಲಗುವ ಹಾಗಿಲ್ಲ. ಸುಣ್ಣ ತಿಂದ ಕೈಯಲ್ಲಿ ಖಾರ ಕಲಸುವ ಹಾಗಿಲ್ಲ.

ಚಿಕ್ಕರಾಜುಗೂ ಅಲ್ಲೇ ಕೆಲಸ ಸಿಕ್ಕಿತು. ಕಂಟ್ರಾಕ್ಟರ್‌ನ ಟ್ರ್ಯಾಕ್ಟರ್ ಓಡಿಸುವುದು. ಅವನಿಗೆ ಖಾಕಿ ಅಂಗಿ ಕೊಟ್ಟಿದ್ದರು. ಅದನ್ನು ದಿನಾ ಒಗೆಸಿ ಇಸ್ತ್ರಿ ಮಾಡಿಸಿಕೊಳ್ಳುತ್ತಿದ್ದ. ಈ ಕೆಲಸ ಚೆನ್ನಾಗಿ ಮಾಡಿದರೆ ಒಳಗೇ ಕಾಯಂ ಮಾಡಿಕೊಳ್ಳುತ್ತಾರೆ ಅಂತ ಚಿರಂಜೀವಿ ಆಸೆ ಹಚ್ಚಿದ್ದ.

ಕೆಲಸದ ಮೇಲ್ವಿಚಾರಣೆಗೆ ತೇಜಸ್ವಿನಿ ಅಂತ ಒಬ್ಬ ಮೇಡಂ ಬಂದಿದ್ದರು. ಹಳೇ ಕಟ್ಟಡಗಳ ವಿಷಯ ಓದಿದವರು. ಕೆಟ್ಟವರಲ್ಲ. ನಮ್ಮ ಕೈ ನೋಡಿ ಮುಲಾಮು ತಂದುಕೊಟ್ಟಿದ್ದರು. ಆದರೆ ಕೋಟೆಯ ಒಂದು ಗಾರೆಯ ಹಕ್ಕಳೆ ಉದುರಿದರೆ ಅವರಿಗೆ ಅಳು ಬರುತ್ತಿತ್ತು. ಕೆಲಸದ ನಡುವೆ ಸೀತಕ್ಕ ಅನ್ನೋಳು ತಲೆಸುತ್ತಿ ಬಿದ್ದಾಗ ಮಾತ್ರ ಅವರು "ನೆರಳಿಗೆ ಕೂರ್ಸಿ" ಅಂದು ಮತ್ತೆ ಕ್ಯಾಮರಾ ಕಡೆ ತಿರುಗಿದರು.

ಒಂದು ಬೆಳಿಗ್ಗೆ ಚಿರಂಜೀವಿ ನಮ್ಮನ್ನೆಲ್ಲ ದಿಣ್ಣೆಯ ಆ ಕಡೆಗೆ ಕರೆದುಕೊಂಡು ಹೋದ. ಕಲ್ಲುಗಳ ಸುತ್ತ ಹುಲ್ಲು ಹೆರೆದಿದ್ದರು. ಕೆತ್ತನೆ ಇದ್ದವಕ್ಕೆ ಬಿಳಿ ಬಣ್ಣದಲ್ಲಿ ನಂಬರು. ಬೋಳು ಕಲ್ಲುಗಳಿಗೆ ಕೆಂಪು ಗೀಟು.

"ನಂಬರಿರೋವು ಮ್ಯಾಲಕ್ಕೆ, ಮಂಟಪದ ಮುಂದೆ. ಅಲ್ಲಿ ಸಾಲಾಗಿ ನಿಲ್ಸಿ ಲಾನ್ ಮಾಡ್ತಾರೆ. ಕೆಂಪು ಗೀಟಿಂದವು ಒಡ್ದು ಟ್ರೈಲರ್‌ಗೆ ತುಂಬ್ರಿ. ಗೋಡೆ ಹೊಟ್ಟೆ ತುಂಬ್ಸಕ್ಕೆ ಬೇಕು," ಅಂದ ಚಿರಂಜೀವಿ.

ಬಿದ್ದ ಕೋಟೆಗೋಡೆಯ ನಡುವೆ ಕಲ್ಲು ತುಂಬಿ ಎರಡು ಕಡೆ ಗಾರೆ ಹಚ್ಚುವುದು. ಅದಕ್ಕೆ ಹೊರಗಿನ ಜಲ್ಲಿ ಹಾಕುವ ಹಾಗಿಲ್ಲ, ಅಲ್ಲಿನದೇ ಕಲ್ಲು ಬೇಕು ಅಂತ ನಿಯಮ. ಅಲ್ಲಿನದೇ ಕಲ್ಲು ಅಂದರೆ ನಮ್ಮ ಸತ್ತವರು.

ಯಾರೂ ಕದಲಲಿಲ್ಲ. ಕಲ್ಲು ಒಡೆಯಲು ಬಂದಿದ್ದ ಆಳು ಸುತ್ತಿಗೆ ಎತ್ತಿ ಮೊದಲ ಏಟು ಹಾಕಿದ. ಅವನಿಗೆ ಯಾವ ಕಲ್ಲಾದರೇನು. ಹತ್ತಿರ ಇದ್ದದ್ದು ಹೊಡೆದ. ಮಾವನ ಕಲ್ಲಿನ ಒಂದು ಭುಜ ಚಟ್ ಅಂತ ಹಾರಿಹೋಯಿತು.

ನಮ್ಮತ್ತೆ ಓಡಲಿಲ್ಲ, ಕೂಗಲಿಲ್ಲ. ತಲೆ ಮೇಲಿದ್ದ ಬಾಂಡಲಿ ಇಳಿಸಿದಳು. ನಡೆದು ಹೋಗಿ ಎರಡನೇ ಏಟಿಗೆ ಎತ್ತಿದ ಸುತ್ತಿಗೆಯ ಕೆಳಗೆ ನಿಂತು, ಕಲ್ಲಿಗೆ ಬೆನ್ನು ಕೊಟ್ಟು ಕೂತಳು. ಸುತ್ತಿಗೆಯವನು ಬೆದರಿ ಹಿಂದಕ್ಕೆ ಬಿದ್ದ.

"ಏಯ್ ಮುದ್ಕಿ, ಸಾಯ್ತೀಯ? ಎದ್ದೇಳು," ಅಂದ ಚಿರಂಜೀವಿ.

"ಏಳಲ್ಲ."

"ಕಲ್ಲಿಗೇನ್ ಬಂತು ನಿಂಗೆ?"

"ಇದು ಕಲ್ಲಲ್ಲ ಕಣ್ಲಾ. ನನ್ ಗಂಡ."

ಅವನು ನಕ್ಕ. ನಗುತ್ತಲೇ ಟ್ರ್ಯಾಕ್ಟರ್ ಕಡೆ ತಿರುಗಿ, "ಲೇ ಚಿಕ್ಕರಾಜು, ನಿಮ್ಮವ್ವುಂಗೆ ಬುದ್ಧಿ ಹೇಳ್ಲಾ. ಇಲ್ಲಾಂದ್ರೆ ನಿನ್ನೂ ಕಳುಸ್ಬುಡ್ತೀನಿ," ಅಂದ.

ಚಿಕ್ಕರಾಜು ಟ್ರ್ಯಾಕ್ಟರ್ ಇಳಿಯಲಿಲ್ಲ. ಇಂಜಿನ್ ಆಡುತ್ತಲೇ ಇತ್ತು. ಅಲ್ಲಿಂದಲೇ ಕೂಗಿದ. "ಅವ್ವ, ಏಳವ್ವ. ಎಲ್ಲಾರೂ ನೋಡ್ತಾವ್ರೆ. ಮಾನ ಕಳೀಬ್ಯಾಡ."

ನಮ್ಮತ್ತೆ ಅವನ ಕಡೆ ನೋಡಲೂ ಇಲ್ಲ.

ತೇಜಸ್ವಿನಿ ಮೇಡಂ ಓಡಿ ಬಂದರು. ಏದುಸಿರು ಬಿಡುತ್ತಾ, "ಅಮ್ಮ, ಇವು ಬಿಡಿ ಕಲ್ಲು. ಕೆತ್ತನೆ ಇಲ್ಲ, ಬರವಣಿಗೆ ಇಲ್ಲ. ಇದಂತೂ ಹಳೇದೇ ಅಲ್ಲ, ಮೂವತ್ತು ವರ್ಷಾನೂ ಆಗಿಲ್ಲ. ಇತಿಹಾಸದ ಲೆಕ್ಕಕ್ಕೆ ಬರಲ್ಲ," ಅಂದರು.

"ಹಳೇದಾಗೋಕೆ ಬಿಟ್ರಲ್ವಾ ಮೇಡಂ," ಅಂದೆ ನಾನು. ನನಗೇ ಗೊತ್ತಿಲ್ಲದೆ ನನ್ನ ಬಾಂಡಲಿಯೂ ನೆಲಕ್ಕೆ ಇಳಿದಿತ್ತು.

"ಇವು ನಿಮ್ಮವರದು ಅಂತ ನನಗೆ ಯಾರೂ ಹೇಳಲಿಲ್ಲ."

"ನೀವು ಕೇಳಲಿಲ್ಲ."

ಮೇಜರ್ ಸಾಹೇಬರು ಜೀಪಿನಲ್ಲಿ ಬಂದರು. ಎಳೆ ವಯಸ್ಸು. ಕನ್ನಡ ತುಸು ಕಲಿತಿದ್ದರು. ಜಾಗ ಸೇನೆಯದು, ಇಲ್ಲಿ ಖಾಸಗಿ ಸಮಾಧಿ ಇರುವಂತಿಲ್ಲ, ನಿಮ್ಮ ಹತ್ತಿರ ದಾಖಲೆ ಏನಿದೆ ಅಂತ ಕೇಳಿದರು.

ನಮ್ಮತ್ತೆ ಕೂತಲ್ಲಿಂದಲೇ ಮುಖ ಎತ್ತಿದಳು. "ಸಾಯಿಸಿದ್ದು ನೀವು. ದಾಖ್ಲೆ ನಾನ್ ಮಡೀಕಬೇಕಾ?"

ಮೇಜರ್ ಸಾಹೇಬರಿಗೆ ಅರ್ಥವಾಯಿತೋ ಇಲ್ಲವೋ. ಕಿವಿ ಕೆಂಪಾಯಿತು. ಗಡಿಯಾರ ನೋಡಿಕೊಂಡರು. ಪಹರೆಯವರ ಕಡೆ ಕೈ ಬೀಸಿ ಜೀಪು ಹತ್ತಿದರು.

ಗವಸಿನ ಹೆಂಗಸು ರಟ್ಟೆ ಹಿಡಿದಳು. ಇಬ್ಬರು ಜವಾನರು ಕಾಲ ಕಡೆ ಬಂದರು. ನಮ್ಮತ್ತೆ ಹಿಂದಕ್ಕೆ ಕೈ ಚಾಚಿ ಕಲ್ಲನ್ನು ತಬ್ಬಿಕೊಂಡಳು. ಎಳೆದರು. ಸೀರೆ ಹರಿಯಿತು. ಮುರಿದ ಕಲ್ಲಿನ ಚೂಪು ಅವಳ ಅಂಗೈ ಸೀಳಿತು. ಗರುಸಿನ ಮೇಲೆ ದರದರ ಎಳೆದುಕೊಂಡು ಹೋಗುವಾಗ ಅವಳ ಆ ಕೆಟ್ಟ ಮಂಡಿ ನೆಲಕ್ಕೆ ಉಜ್ಜಿ ರಕ್ತ ಬಂತು. ನಾನು ನನ್ನ ಸೆರಗು ಅವಳ ಮೇಲೆ ಹೊದಿಸಲು ಜೊತೆಯಲ್ಲಿ ಓಡುತ್ತಿದ್ದೆ. ಟ್ರ್ಯಾಕ್ಟರ್ ದಾಟುವಾಗ ಗಂಡನ ಮುಖ ನೋಡಿದೆ. ಅವನು ಸ್ಟೇರಿಂಗ್ ನೋಡುತ್ತಿದ್ದ.

ನಮ್ಮ ಹಿಂದೆ ಸದ್ದು ಕೇಳಿತು. ಬಾಂಡಲಿಗಳು ಬೀಳುವ ಸದ್ದು. ತಿರುಗಿದರೆ ಹಟ್ಟಿಯ ಹೆಂಗಸರೆಲ್ಲ ಬರುತ್ತಿದ್ದರು. ಯಾರೂ ಯಾರಿಗೂ ಹೇಳಿರಲಿಲ್ಲ. ತಲೆಸುತ್ತಿ ಬಿದ್ದಿದ್ದ ಸೀತಕ್ಕ ಎಲ್ಲರಿಗಿಂತ ಮುಂದಿದ್ದಳು.

ಅವತ್ತು ಸಂಜೆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅತ್ತೆಯ ಅಂಗೈಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದೆ. ಚಿಕ್ಕರಾಜು ಬಂದು ಬಾಗಿಲಲ್ಲೇ ನಿಂತ.

"ಅದು ಅಪ್ಪುಂದು ಅಂತ ನಂಗೊತ್ತಿರ್ಲಿಲ್ಲ," ಅಂದ.

"ಗೊತ್ತಾದ್ಮ್ಯಾಲೆ?" ಅಂದಳು ನಮ್ಮತ್ತೆ.

ಅವನು ಸಿಡಿದ. "ಮಾಡ್ತಿದ್ದ ಒಂದ್ ಕೆಲ್ಸಾನೂ ಕಳಿತೀಯ? ಸತ್ತೋನ್ಗೆ ಬದುಕಿರೋರು ಸಾಯ್ಬೇಕಾ? ಮಿಲಿಟ್ರಿಯೋರ ಮುಂದೆ ನಾವೇನ್ ಕಿಸಿಯಕ್ಕಾಯ್ತದೆ?"

"ಕುಂತ್ಕಳಕ್ಕಾಯ್ತದೆ. ಇವತ್ತು ಕುಂತಿದ್ದೆ, ನೋಡ್ಲಿಲ್ವಾ?"

ಅವನು ಹೊರಗೆ ಹೋದ. ರಾತ್ರಿ ಮಲಗಲೂ ಬರಲಿಲ್ಲ.

ಮಾರನೇ ದಿನದಿಂದ ನಾವು ಗೇಟಿನ ಹೊರಗೆ ಕೂತೆವು. ಒಳಗೆ ಕೆಲಸ ನಿಂತಿತ್ತು. ಸೇನೆಯ ದೊಡ್ಡ ಅಧಿಕಾರಿಯೊಬ್ಬರು ಕೋಟೆ ನೋಡಲು ಬರುವ ದಿನ ಹತ್ತಿರ ಇತ್ತು, ಗೋಡೆ ಇನ್ನೂ ಬಾಯಿ ತೆರೆದುಕೊಂಡೇ ಇತ್ತು. ನಮ್ಮತ್ತೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಬೇಲಿಗುಂಟ ಕುಂಟುತ್ತಾ ಹೋಗುತ್ತಿದ್ದಳು, ದಿಣ್ಣೆ ಕಾಣುವ ಕಡೆ ನಿಲ್ಲುತ್ತಿದ್ದಳು, ತಿರುಗಿ ಬರುತ್ತಿದ್ದಳು. "ಸುತ್ಗೆ ಸದ್ದು ಬಂತಾ? ಬಂತಾ ನೋಡು," ಅನ್ನುತ್ತಿದ್ದಳು. ಒಳಗೆ ಎಲ್ಲೋ ತಗಡು ಬಿದ್ದರೂ ಎದ್ದು ಓಡುತ್ತಿದ್ದಳು. ಹಟ್ಟಿಯ ಗಂಡಸರು ದೂರದಿಂದ ನೋಡಿ ಹೋಗುತ್ತಿದ್ದರು. ಕೇಸು ಹಾಕ್ತಾರಂತೆ ಅಂತ ಒಬ್ಬ ಹೇಳಿದ. ಹಾಕ್ಲಿ ಬುಡು ಅಂದಳು ಸೀತಕ್ಕ.

ಚಿಕ್ಕರಾಜು ಮಾತ್ರ ದಿನಾ ನಮ್ಮ ಪಕ್ಕದಲ್ಲೇ ಟ್ರ್ಯಾಕ್ಟರ್ ಓಡಿಸಿಕೊಂಡು ಒಳಗೆ ಹೋಗುತ್ತಿದ್ದ. ತಲೆ ಎತ್ತುತ್ತಿರಲಿಲ್ಲ. ಆ ಅಂಗಿಯ ಇಸ್ತ್ರಿ ಹೋಗಿತ್ತು.

ಒಂದು ಬೆಳಿಗ್ಗೆ ಪಾವಗಡದ ಕಡೆಯಿಂದ ಲಾರಿ ಬಂತು. ತುಂಬ ಹೆಂಗಸರು. ಬಲಸಮುದ್ರದ ಕಡೆಯವರು. ನಮ್ಮನ್ನು ಬಿಟ್ಟು ಅವರಿಂದ ಕೆಲಸ ಮಾಡಿಸಲು ಚಿರಂಜೀವಿ ಕರೆಸಿದ್ದ. ನಾವು ಎದ್ದು ಗೇಟಿಗೆ ಅಡ್ಡ ನಿಂತೆವು. ಲಾರಿಯಿಂದ ಎತ್ತರದ ಒಬ್ಬ ಹೆಂಗಸು ಇಳಿದಳು. ಆ ಗುಂಪಿನ ಮುಂದಾಳು, ರಾಧಾಮಣಿ ಅಂತ.

"ಏಮಮ್ಮಾ, ಎಂದುಕು ಅಡ್ಡ ನಿಂತಿದೀರಿ? ನಮ್ದೂ ಕೂಲಿನೇ. ಪೊದ್ದುನ್ನೇ ಕತ್ತಲಲ್ಲಿ ಎದ್ದು ಇಷ್ಟು ದೂರ ಬಂದಿದೀವಿ," ಅಂದಳು.

"ಬಂದೋರು ಕೆಲ್ಸ ಮಾಡ್ಕಳಿ. ಬ್ಯಾಡ ಅನ್ನಲ್ಲ," ಅಂದಳು ನಮ್ಮತ್ತೆ. "ಒಂದ್ ಮಾತ್ ಕೇಳ್ಕಂಡು ಹೋಗ್ರಿ."

ಹೇಳಿದಳು. ಬಾವುಟ ಇಳಿದಿದ್ದು, ಸದ್ದು ಕೇಳಿದ್ದು, ಕಂಬಳಿ, ಕಲ್ಲು, ಸುತ್ತಿಗೆ. ಅಳಲಿಲ್ಲ. ಸಂತೆಗೆ ಹೋಗಿ ಬಂದದ್ದು ಹೇಳುವ ಹಾಗೆ ಹೇಳಿದಳು. ಕೊನೆಗೆ ಬಟ್ಟೆ ಬಿಚ್ಚಿ ಅಂಗೈ ತೋರಿಸಿದಳು.

ಲಾರಿಯ ಮೇಲಿನ ಹೆಂಗಸರು ತಮ್ಮತಮ್ಮಲ್ಲೇ ತೆಲುಗಿನಲ್ಲಿ ಮಾತಾಡಿಕೊಂಡರು. ಚಿರಂಜೀವಿ ಗೇಟಿನ ಒಳಗಿಂದ ಬಂದು, "ಅವ್ರದು ಇದ್ದದ್ದೇ. ನೀವು ಹತ್ರಿ ಲಾರಿ," ಅಂದ.

"ಗೋಡೆ ಕಟ್ಟಕ್ಕೆ ಅಂತ ಕರ್ಕಂಡು ಬಂದ್ರಿ. ಸಮಾಧಿ ಕಲ್ಲು ಒಡೆಯಕ್ಕೆ ಅಂತ ಚೆಪ್ಪಲೇದು. ಯಾಕೆ ಹೇಳ್ಲಿಲ್ಲ?" ಅಂದಳು ರಾಧಾಮಣಿ.

"ಸಮಾಧಿನೂ ಇಲ್ಲ ಎಂತದೂ ಇಲ್ಲ. ಬರೀ ಬೋಳು ಕಲ್ಲು."

"ಮಾ ಅಮ್ಮ ಸಮಾಧಿ ಕೂಡಾ ಬೋಳುರಾಯೇ. ನಮ್ಮಂತೋರಿಗೆ ಕೆತ್ತಿದ್ದು ಯಾರು ಇಡ್ತಾರೆ?" ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮತ್ತೆಯ ಪಕ್ಕದಲ್ಲಿ ನೆಲಕ್ಕೆ ಕೂತಳು. "ದಿಗಂಡಿ," ಅಂತ ಲಾರಿ ಕಡೆ ಕೂಗಿದಳು. ಒಬ್ಬೊಬ್ಬರೇ ಇಳಿದರು. ಎಲ್ಲರೂ ಅಲ್ಲ. ಮೂಲೆಯಲ್ಲಿದ್ದ ಕೆಲವರು ಇಳಿಯಲಿಲ್ಲ. ಅವರ ಮುಖ ನೋಡಿದರೆ ಹಸಿವು ಕಾಣುತ್ತಿತ್ತು. ಅವರನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ.

ಚಿರಂಜೀವಿ ಒಳಗೆ ತಿರುಗಿ ಕೂಗಿದ. "ಲೇ ಚಿಕ್ಕರಾಜು! ಇಳೀದೇ ಇರೋರ್ನ ಟ್ರೈಲರ್‌ಗೆ ಹತ್ತುಸ್ಕಂಡು ಹಿಂದ್ಲ ಗೇಟಿಂದ ಕರ್ಕಂಡ್ ಬಾ. ಇವತ್ತು ಆ ಕಲ್ಲು ಪುಡಿ ಆಗ್ಬೇಕು."

ಟ್ರ್ಯಾಕ್ಟರ್ ಗೇಟಿನ ತನಕ ಬಂತು. ನಿಂತಿತು. ಇಂಜಿನ್ ಆರಿತು. ಚಿಕ್ಕರಾಜು ಇಳಿದ. ಕೀಲಿ ತೆಗೆದು ಚಿರಂಜೀವಿಯ ಕೈಗೆ ಕೊಟ್ಟ. ಖಾಕಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಅಂಗಿ ಸೀಟಿನ ಮೇಲಿಟ್ಟು, ಬರಿ ಬನಿಯನ್ನಿನಲ್ಲಿ ಗೇಟು ದಾಟಿ ಬಂದ.

"ತಲೆ ಕೆಟ್ಟೈತಾ ನಿಂಗೆ?" ಅಂದ ಚಿರಂಜೀವಿ.

"ನೀನೇ ಓಡುಸ್ಕ," ಅಂದ ಚಿಕ್ಕರಾಜು. ಅವ್ವನ ಹತ್ತಿರ ಕೂರಲು ಅವನಿಗೆ ಧೈರ್ಯ ಸಾಲಲಿಲ್ಲ. ಹೆಂಗಸರ ಸಾಲಿನ ಕೊನೆಯಲ್ಲಿ ಹೋಗಿ ಕೂತ.

ಆವತ್ತೂ ಕೆಲಸ ಆಗಲಿಲ್ಲ. ಆಮೇಲೂ ಆಗಲಿಲ್ಲ. ದೊಡ್ಡ ಅಧಿಕಾರಿ ಬರುವ ದಿನ ಇನ್ನೂ ಹತ್ತಿರ ಬಂದಾಗ ತೇಜಸ್ವಿನಿ ಮೇಡಂ ಹಟ್ಟಿಗೆ ಬಂದರು. ನಮ್ಮ ಜಗಲಿ ಮೇಲೆ ಕೂತರು. ನೀರು ಕೊಟ್ಟೆ, ಕುಡಿದರು.

"ಮೇಜರ್ ಒಪ್ಪಿದಾರೆ. ಯಾವ ಕಲ್ಲೂ ಅಲ್ಲಿಂದ ಕದಲಲ್ಲ. ಕೆತ್ತಿದ್ದೂ ಇಲ್ಲ, ಬೋಳೂ ಇಲ್ಲ. ಗೋಡೆಗೆ ಬೇರೆ ಕಲ್ಲಿಗೆ ನಾನು ಅನುಮತಿ ತಗೊಂಡಿದೀನಿ. ಗುಂಡು ಹೊಡೆಯದ ದಿನ ವಾರಕ್ಕೊಮ್ಮೆ ನೀವು ಬಂದು ಪೂಜೆ ಮಾಡ್ಕೋಬಹುದು. ಅಲ್ಲೊಂದು ಬೋರ್ಡು ಹಾಕ್ತೀವಿ, ಪಶುಪಾಲಕರ ಸ್ಮಾರಕ ಅಂತ."

"ಕಾಟಪ್ಪ ಹೆಂಗೆ ಸತ್ತ ಅಂತ ಬರೀತೀರಾ?" ಕೇಳಿದಳು ನಮ್ಮತ್ತೆ.

ಮೇಡಂ ಲೋಟ ಕೆಳಗಿಟ್ಟರು. "ಅದು ಆಗಲ್ಲಮ್ಮ. ಸೇನೆ ಹೆಸರು ಬರೋ ಹಾಗಿಲ್ಲ."

"ಚಿರತೆ ಹಿಡ್ದು ಸತ್ತೋನ್ಗೆ ಚಿರತೆ ಕೆತ್ತವ್ರಲ್ಲ. ಕಳ್ರು ಹೊಡ್ದು ಸತ್ತೋನ್ಗೆ ಕಳ್ರನ್ನ ಕೆತ್ತವ್ರೆ. ನನ್ ಗಂಡನ್ನ ಸಾಯ್ಸಿದ್ದನ್ನ ಯಾಕೆ ಬರಿಯಾಂಗಿಲ್ಲ?"

ಮೇಡಂ ಎದ್ದು ಹೋದರು. ಹಟ್ಟಿಯ ಹೆಂಗಸರು ಕೂತು ಮಾತಾಡಿದೆವು. ಸಿಕ್ಕಿದ್ದನ್ನು ಬಿಡಬಾರದು, ಒಳಗೆ ಹೋಗೋಕೆ ದಾರಿಯಾದರೂ ಸಿಗುತ್ತೆ ಅಂದರು. ನಮ್ಮತ್ತೆ ಬೇಲಿ ಕಡೆ ನೋಡಿ, "ಆಗ್ಲಿ. ಬೋರ್ಡಲ್ಲಿ ಇಲ್ದೆ ಇದ್ರೆ ಬಾಯಲ್ಲಿ ಐತಲ್ಲ," ಅಂದಳು. ಗೋಡೆ ಕಟ್ಟಲು ನಾವೂ ಹೋದೆವು, ರಾಧಾಮಣಿಯ ಗುಂಪೂ ಬಂತು. ಬೇರೆ ಕಲ್ಲು ಹೊತ್ತೆವು. ಚಿಕ್ಕರಾಜುವನ್ನು ಮಾತ್ರ ತಿರುಗಿ ಸೇರಿಸಿಕೊಳ್ಳಲಿಲ್ಲ.

ದೊಡ್ಡ ಅಧಿಕಾರಿ ಬಂದ ದಿನ ನಮ್ಮ ಹಟ್ಟಿಯವರನ್ನೂ ಕರೆದಿದ್ದರು. ಫೋಟೋಗೆ. ಒಗೆದ ಕಂಬಳಿ ಹೊದ್ದು ಬನ್ನಿ ಅಂದಿದ್ದರು. ಅವರು ಕೋಟೆ ನೋಡಿದರು, ಟೇಪು ಕತ್ತರಿಸಿದರು, ಮರುಳಸಿದ್ದಯ್ಯನೋರು ಕೊಟ್ಟ ಪ್ರಸಾದ ತಗೊಂಡರು. ಆಮೇಲೆ ದಿಣ್ಣೆಯ ಕಡೆ ಬಂದರು. ಹಿಂದೆ ಒಂದು ಹಿಂಡು ಟೋಪಿಗಳು. ನಾವು ಕಲ್ಲುಗಳ ಪಕ್ಕದಲ್ಲಿ ನಿಂತಿದ್ದೆವು. ಬಿಲ್ಲು ಹಿಡಿದ ಆಳಿನ ಕಲ್ಲನ್ನು ಬಗ್ಗಿ ನೋಡಿದರು, ತಲೆದೂಗಿದರು. ಹೊರಡಬೇಕು, ಅಷ್ಟರಲ್ಲಿ ಭುಜ ಮುರಿದ ಕಲ್ಲು ಕಣ್ಣಿಗೆ ಬಿತ್ತು. ಇದು ಹೊಸದರ ಹಾಗಿದೆಯಲ್ಲ, ಯಾರದು ಅಂತ ಹಿಂದಿಯಲ್ಲಿ ಕೇಳಿದರು.

ಮೇಜರ್ ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಅದಕ್ಕೆ ಮೊದಲೇ ನಮ್ಮತ್ತೆ ಮುಂದೆ ಬಂದಿದ್ದಳು.

"ನನ್ ಗಂಡುಂದು ಸ್ವಾಮಿ. ಕಾಟಪ್ಪ ಅಂತ. ಇಲ್ಲೇ ಕುರಿ ಮೇಯಿಸ್ತಿದ್ದ. ಬಾವುಟ ಇಳ್ದಿತ್ತು. ನಿಮ್ ಗುಂಡು ಮಣ್ಣಾಗೆ ಇತ್ತು. ಸಿಡ್ದು ಸತ್ತ. ತಪ್ಪು ಅವುಂದೇ ಅಂತ ಬರ್ದವ್ರೆ."

ಅಧಿಕಾರಿ ತೇಜಸ್ವಿನಿ ಮೇಡಂ ಕಡೆ ನೋಡಿದರು. ಮೇಡಂ ಹಿಂದಿಯಲ್ಲಿ ಹೇಳಿದರು. ನನಗೆ ಹಿಂದಿ ಟೀವಿ ನೋಡಿ ಬಂದದ್ದು, ಆದರೂ ಅಷ್ಟು ತಿಳಿಯಿತು. ಇವರ ಗಂಡ ಕುರಿ ಮೇಯಿಸುವಾಗ ತೀರಿಕೊಂಡರು. ಅಷ್ಟೇ ಹೇಳಿದರು.

ಆ ಟೋಪಿಗಳ ಮುಂದೆ ನನ್ನ ಸ್ವರ ನನಗೇ ಬೇರೆ ಯಾರದೋ ಅನ್ನಿಸಿತು.

"ಮೇಡಂ, ಗುಂಡಿನ ಮಾತು ಬಿಟ್ಟುಬಿಟ್ರಿ," ಅಂದೆ. ಅಧಿಕಾರಿಯ ಕಡೆ ತಿರುಗಿ ನಿಮ್ಮದೇ ಗುಂಡು, ಬಾವುಟ ಇಳಿದಿತ್ತು ಅಂತ ನನಗೆ ಬಂದ ಹಿಂದಿಯಲ್ಲಿ ಹೇಳಿದೆ. "ಸಾಬ್, ಆಪ್ ಕಾ ಗೋಲಾ. ಝಂಡಾ ನೀಚೇ ಥಾ."

ಅಧಿಕಾರಿ ಮೇಡಂ ಅವರನ್ನೇ ನೋಡಿದರು. ನಿಜವೇ ಅಂತ ಕೇಳಿದರು. ಮೇಡಂ ಮೇಜರ್ ಕಡೆ ನೋಡಿದರು, ಕಲ್ಲಿನ ಕಡೆ ನೋಡಿದರು, ನಮ್ಮತ್ತೆಯ ಅಂಗೈ ಕಡೆ ನೋಡಿದರು.

"ಹಾಂ ಸರ್," ಅಂದರು. "ನಿಜ."

ಅಧಿಕಾರಿ ಟೋಪಿ ತೆಗೆಯಲಿಲ್ಲ. ತಿರುಗಿ ನಡೆದರು. ಟೋಪಿಗಳೆಲ್ಲ ಅವರ ಹಿಂದೆ ನಡೆದವು. ಫೋಟೋ ತೆಗೆಯಲಿಲ್ಲ. ಮೇಡಂ ಒಬ್ಬರೇ ಹಿಂದುಳಿದು, ಆಮೇಲೆ ಹೋದರು. ಮುಂದಿನ ವಾರದಿಂದ ಅವರ ಜಾಗಕ್ಕೆ ಬೇರೆಯವರು ಬಂದರು. ಬೋರ್ಡಿನಲ್ಲಿ ಮಾವನ ಹೆಸರು ಇವತ್ತಿಗೂ ಇಲ್ಲ.

ಎಲ್ಲರೂ ಹೋದ ಮೇಲೆ ನಾವಷ್ಟೇ ಉಳಿದೆವು. ನಮ್ಮನ್ನು ಹೊರಗೆ ಕಳಿಸಲು ಪಹರೆಯವನು ದಿಣ್ಣೆಯ ಮೇಲೆ ಕಾಯುತ್ತಿದ್ದ. ಚಿಕ್ಕರಾಜು ಅಷ್ಟು ಹೊತ್ತೂ ದೂರ ನಿಂತಿದ್ದವನು ಅವ್ವನ ಹತ್ತಿರ ಬಂದ.

"ಎಲ್ಲಿ ಬಿದ್ದಿದ್ದ ಅವ್ವ? ಅಪ್ಪ," ಅಂತ ಕೇಳಿದ. ಹುಟ್ಟಿದಾಗಿನಿಂದ ಅವನು ಅದನ್ನು ಕೇಳಿರಲಿಲ್ಲ.

ನಮ್ಮತ್ತೆ ಕೈ ತೋರಿಸಿದಳು. ಕಲ್ಲುಗಳಿಂದ ಸ್ವಲ್ಪ ಆಚೆ ತಂಗಡಿ ಗಿಡ ಬೆಳೆದು ಮುಚ್ಚಿದ ಒಂದು ಗುಂಡಿ. ಅವನು ಗಿಡ ಸರಿಸಿ ಒಳಗೆ ಇಳಿದ. ಸೊಂಟದ ತನಕ ಮುಳುಗಿದ. ಅಲ್ಲೇ ನಿಂತ. ಬಗ್ಗಿ ಮಣ್ಣು ಮುಟ್ಟಿದ. ಅವನ ಬೆನ್ನು ಅಲುಗುವುದು ಮಾತ್ರ ನಮಗೆ ಕಾಣುತ್ತಿತ್ತು.

ಪಹರೆಯವನು ಸೀಟಿ ಊದಿದ. ಹೊತ್ತಾಯಿತು, ಹೊರಡಿ ಅಂತ ಕೈ ಬೀಸಿದ.

ನಮ್ಮತ್ತೆ ಗುಂಡಿಯ ಅಂಚಿಗೆ ಹೋಗಿ ಕಾಲು ಇಳಿಬಿಟ್ಟು ಕೂತಳು. ನಾನು ಪಕ್ಕದಲ್ಲಿ ಕೂತೆ. ಸೀತಕ್ಕ ಕೂತಳು. ಹಟ್ಟಿಯವರು ಒಬ್ಬೊಬ್ಬರೇ ಬಂದು ಸುತ್ತ ಕೂತರು.

ಸೀಟಿ ಮತ್ತೆ ಕೂಗಿತು, ಈ ಸಲ ಜೋರಾಗಿ.

"ಊದ್ಲಿ ಬುಡು," ಅಂದಳು ನಮ್ಮತ್ತೆ.